ಸಂಡಿಗೆಯ ಪಂಚೆ

ಪಶ್ಚಿಮ ಮಾಂಬಲದ ಆ ಮನೆಯಲ್ಲಿ ಅಪ್ಪ ಮಗ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಹಾಗೆಂದು ಮನೆಯೇನೂ ಮೌನವಾಗಿರಲಿಲ್ಲ. ಎಲ್ಲ ಮಾತೂ ತುಂಗಾಳನ್ನು ಹಾದು ಹೋಗುತ್ತಿತ್ತು, ಅಷ್ಟೆ. ಊಟದ ಮೇಜಿನ ಈ ತುದಿಯಲ್ಲಿ ಗಂಡ ಡಾಕ್ಟರ್ ವಿಷ್ಣುತೀರ್ಥ, ಆ ತುದಿಯಲ್ಲಿ ಮಗ ಸುಜಯೀಂದ್ರ, ನಡುವೆ ಹುಳಿಯ ಸೌಟು ಹಿಡಿದು ನಿಂತ ಇವಳು.

"ಲೈಟ್ ಬಿಲ್ ಕಟ್ಟಿದಾನಾ ಕೇಳು."

"ಕಟ್ಟಾಯ್ತು ಅಂತ ಹೇಳಮ್ಮಾ."

ನಾಲ್ಕು ಅಡಿ ದೂರದಲ್ಲಿ ಕೂತವರಿಗೆ ಕಿವಿ ಕೇಳಿಸುವುದಿಲ್ಲವೇ? ಕೇಳಿಸುತ್ತಿತ್ತು. ಆದರೂ ತುಂಗಾ ಗಂಡನ ಕಡೆ ತಿರುಗಿ "ಕಟ್ಟಿದಾನಂತೆ" ಅನ್ನುವವರೆಗೆ ಡಾಕ್ಟರು ತುತ್ತು ಎತ್ತುತ್ತಿರಲಿಲ್ಲ.

ಎದುರುಬದುರು ಕೂತಾಗ ಇಷ್ಟೇ. ಒಬ್ಬರು ಒಳಗೆ, ಒಬ್ಬರು ಶೆಡ್ಡಿನಲ್ಲಿ ಇದ್ದಾಗ ತುಂಗಾಳ ನಿಜವಾದ ಕೈಚಳಕ ಹೊರಬರುತ್ತಿತ್ತು. "ಆ ದಂಡಪಿಂಡಕ್ಕೆ ಹೇಳು, ಸರಿಹೊತ್ತಲ್ಲಿ ಬಂದು ಗೇಟು ಬಡಿಯೋಕೆ ಇದು ಛತ್ರ ಅಲ್ಲ" ಎಂದು ಗಂಡ ಗುಡುಗಿದರೆ, ಇವಳು ಶೆಡ್ಡಿಗೆ ಹೋಗಿ "ನಿನಗೆ ನಿದ್ದೆ ಸಾಲದು ಅಂತ ಅಪ್ಪ ಪೇಚಾಡ್ಕೋತಿದಾರೆ ಕಣೋ" ಎನ್ನುವಳು. "ಅವರ ಕೆಲಸ ಅವರು ನೋಡ್ಕೊಳ್ಳಲಿ" ಎಂದು ಮಗ ಮುಖ ಸಿಂಡರಿಸಿದರೆ, "ಇನ್ಮೇಲೆ ಬೇಗ ಬರ್ತಾನಂತೆ, ನಿಮ್ಮ ಕೆಮ್ಮು ಹೇಗಿದೆ ಅಂತ ಕೇಳ್ದ" ಎಂದು ಒಳಗೆ ತಲುಪಿಸುವಳು. ಕೆಮ್ಮಿನ ಮಾತು ಪೂರ್ತಿ ಅವಳದೇ. ಡಾಕ್ಟರು "ಹೂಂ" ಎಂದು ಹಿಂದೂ ಪೇಪರನ್ನು ಮುಖಕ್ಕೆ ಎತ್ತಿಕೊಳ್ಳುತ್ತಿದ್ದರು.

ಜಗಳ ಶುರುವಾದದ್ದು ಸುಜಯೀಂದ್ರ ಎರಡನೇ ವರ್ಷದಲ್ಲಿ ಮೆಡಿಕಲ್ ಕಾಲೇಜು ಬಿಟ್ಟು ಆಟೋಮೊಬೈಲ್ ಡಿಪ್ಲೊಮಾ ಸೇರಿದಾಗ. ಕೋಯಂಬೇಡು ಮಾರ್ಕೆಟ್ಟಿನ ಹತ್ತಿರ ಹೋಟೆಲ್ ಇಟ್ಟಿರುವ ಉಡುಪಿ ಕಡೆಯವರ ಮಗ ರೂಪೇಶ ಅವನ ಜೊತೆಗಾರ. ಇಬ್ಬರೂ ಸೇರಿ ಮನೆಯ ಪಕ್ಕದ ಶೆಡ್ಡಿನಲ್ಲಿ ಕಾರು ರಿಪೇರಿ ಮಾಡುತ್ತಿದ್ದರು. ಡಾಕ್ಟರು ನರ್ಸಿಂಗ್ ಹೋಮಿನಲ್ಲಿ ಅರಿವಳಿಕೆ ಕೊಡುವವರು. ಮೂವತ್ತು ವರ್ಷದಿಂದ ಅವರೊಡನೆ ಮಾತಿಗೆ ತೊಡಗಿದವರೆಲ್ಲ ಹತ್ತು ಎಣಿಸುವುದರೊಳಗೆ ನಿದ್ದೆ ಹೋದವರೇ ಎಂದು ಮಗಳು ಶ್ರೀವಿದ್ಯಾ ತಮಾಷೆ ಮಾಡುತ್ತಿದ್ದಳು. ತಂದೆಯ ಕೋಪವನ್ನು ನೋಡಿ ನಗುವ ಧೈರ್ಯ ಆ ಮನೆಯಲ್ಲಿ ಅವಳೊಬ್ಬಳಿಗೇ ಇತ್ತು.

ಅಪ್ಪ ಮಗ ಒಂದಾಗಲಿ ಎಂದು ತುಂಗಾ ರಾಯರಿಗೆ ಹೆಜ್ಜೆ ನಮಸ್ಕಾರದ ಹರಕೆ ಹೊತ್ತಿದ್ದಳು. ನಂಜನಗೂಡಿನಿಂದ ಮದುವೆಯಾಗಿ ಈ ತಮಿಳು ಊರಿಗೆ ಬಂದು ಇಪ್ಪತ್ತೆಂಟು ವರ್ಷವಾಗಿತ್ತು. ಇಷ್ಟು ವರ್ಷದಲ್ಲಿ ಈ ಮನೆಯವರಿಗೆ ಅವಳು ಇಷ್ಟೊಂದು ಬೇಕಾದದ್ದು ಈ ಮೂರು ವರ್ಷದಲ್ಲೇ. ಆದರೆ ಅದನ್ನು ಅವಳು ರಾಯರ ಮುಂದೆ ಒಪ್ಪಿಕೊಂಡಿರಲಿಲ್ಲ. ತನ್ನ ಮುಂದೂ ಒಪ್ಪಿಕೊಂಡಿರಲಿಲ್ಲ.

ಎರಡು ಸಾವಿರದ ಎರಡನೇ ಇಸವಿಯ ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಸುಜಯೀಂದ್ರ ಮಜ್ಜಿಗೆ ಹುಳಿ ಕಲೆಸುತ್ತ ಹೇಳಿದ:

"ಅಮ್ಮಾ, ಅಪ್ಪಂಗೆ ಹೇಳು. ಒಂದು ಲೆಟರ್ ಬೇಕು. ಪ್ಯಾರೀಸ್ ಕಾರ್ನರ್‌ನಲ್ಲಿ ಗ್ಯಾಸ್ ಡೀಲರ್ ಡಾಕ್ಟರ್ ಲೆಟರ್ ಇಲ್ದೆ ಕೊಡಲ್ವಂತೆ. ನೈಟ್ರಸ್ ಆಕ್ಸೈಡ್."

ಡಾಕ್ಟರ ಕೈ ತಟ್ಟೆಯಲ್ಲೇ ನಿಂತಿತು. "ಏನಕ್ಕಂತೆ? ಕಾರಿಗೆ ಆಪರೇಷನ್ ಮಾಡ್ತಾನಂತಾ?"

"ಎಂಜಿನ್‌ಗೆ ಅಂತ ಹೇಳಮ್ಮಾ. ರೇಸಿಗೆ."

"ಜನರಿಗೆ ನೋವು ಗೊತ್ತಾಗಬಾರದು ಅಂತ ಇರೋ ಗ್ಯಾಸ್ ಅದು. ಇವನ ಆಟಕ್ಕಲ್ಲ ಅಂತ ಹೇಳು."

ಶೆಡ್ಡಿನಲ್ಲಿ ಒಂದು ಹಳೆಯ ಎಸ್ಟೀಮ್ ಕಾರಿತ್ತು. ಕಾರ್ಬ್ಯುರೇಟರ್ ಇಲ್ಲದ ಹೊಸ ತರಹದ ಎಂಜಿನ್ ಅದು. ಒಳಗೊಂದು ಪುಟ್ಟ ಕಂಪ್ಯೂಟರು ಲೆಕ್ಕ ಹಾಕಿ ಇಂಜೆಕ್ಟರಿನಿಂದ ಪೆಟ್ರೋಲು ಚಿಮ್ಮಿಸುತ್ತದೆ. ಹುಡುಗರು ಒಂದು ವರ್ಷ ಅದನ್ನು ಬಿಚ್ಚಿ ಜೋಡಿಸಿ ಹುರಿಗೊಳಿಸಿದ್ದರು. ರೂಪೇಶನ ಮಾವ ಸಿಂಗಪುರದಿಂದ ನೈಟ್ರಸ್ ಕಿಟ್ ತಂದುಕೊಟ್ಟಿದ್ದ. ಆಕ್ಸಿಲರೇಟರ್ ಪೂರ್ತಿ ತುಳಿದು ಗುಂಡಿ ಒತ್ತಿದರೆ ಎಂಜಿನ್ನಿಗೆ ಗ್ಯಾಸು ನುಗ್ಗಿ ಕಾರು ಹಾರಬೇಕು. ಮೇ ತಿಂಗಳಲ್ಲಿ ಶೋಲಾವರದ ಹಳೆಯ ಏರ್‌ಸ್ಟ್ರಿಪ್ಪಿನಲ್ಲಿ ಡ್ರ್ಯಾಗ್ ರೇಸು. ಅಲ್ಲಿ ಗೆದ್ದರೆ ದೊಡ್ಡ ಗಿರಾಕಿಗಳು ತಾವಾಗಿ ಬರುತ್ತಾರೆಂದು ಹುಡುಗರ ನಂಬಿಕೆ.

ಎಂಟು ದಿನ ತುಂಗಾ ಒಳಗೂ ಹೊರಗೂ ಓಡಾಡಿದಳು. ಡಾಕ್ಟರು ಕೊನೆಗೆ, "ಬೇಕಿದ್ದರೆ ಅವನೇ ಬಂದು ಕೇಳಲಿ. ಬರ್ತಾನಾ? ಬರಲ್ಲ. ಕೊಬ್ಬು" ಎಂದರು. ತುಂಗಾ ಶೆಡ್ಡಿಗೆ ಹೋದಳು.

"ಅಪ್ಪ ಕರೀತಿದಾರೆ ಕಣೋ."

"ನನ್ನನ್ನಾ? ನಿಜವಾಗ್ಲೂನಾ?"

"ಹೂಂ. ಅವನನ್ನ ಕರಿ ಅಂದ್ರು."

ಒಳಗೆ ಬಂದು ಗಂಡನಿಗೆ ಹೇಳಿದಳು: "ಬರ್ಲಾ ಅಂತ ಕೇಳ್ತಿದಾನೆ, ಪಾಪ. ಬಾಗಿಲಲ್ಲಿ ನಿಂತಿದಾನೆ."

ಮೂರು ವರ್ಷದಲ್ಲಿ ಅವಳು ಹೇಳಿದ ಅತ್ಯಂತ ದೊಡ್ಡ ಸುಳ್ಳು ಅದು, ಮತ್ತು ಅತ್ಯಂತ ಒಳ್ಳೆಯದು. ಅಪ್ಪ ಮಗ ಕೋಣೆಯಲ್ಲಿ ಅರ್ಧ ಗಂಟೆ ಮಾತಾಡಿದರು. ತುಂಗಾ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಡಾಕ್ಟರು ಹೊರಗೆ ಬಂದು, "ಸಿಲಿಂಡರ್ ನನ್ನ ಹೆಸರಲ್ಲಿ ಬರತ್ತೆ. ನಾನು ತೋರಿಸಿಕೊಡದೆ ಅವನು ವಾಲ್ವ್ ಮುಟ್ಟಕೂಡದು" ಎಂದರು. ಅದನ್ನು ಮಗನಿಗೆ ತಲುಪಿಸಲು ತುಂಗಾ ತಿರುಗಿದಳು. ಮಗ ಅವರ ಬೆನ್ನ ಹಿಂದೆಯೇ ನಿಂತಿದ್ದ. "ಸರಿಪ್ಪಾ" ಎಂದ.

ಮರು ಗುರುವಾರ ಅವಳು ರಾಯರ ಮಠಕ್ಕೆ ಹೋಗಿ ಹೆಜ್ಜೆ ನಮಸ್ಕಾರ ಮುಗಿಸಿದಳು. ಕೊನೆಯ ನಮಸ್ಕಾರ ಮಾಡಿ ಎದ್ದಾಗ ಕೇಳಿಕೊಳ್ಳಲು ಇನ್ನೇನೂ ಇರಲಿಲ್ಲ. ಸುಮ್ಮನೆ ಸ್ವಲ್ಪ ಹೊತ್ತು ಕಂಬಕ್ಕೆ ಒರಗಿ ಕೂತು ಬಸ್ಸು ಹಿಡಿದು ಬಂದಳು.

ನೀಲಿ ಬಣ್ಣದ ಸಿಲಿಂಡರ್ ಬಂತು. ಕಾರಿನ ಡಿಕ್ಕಿಯಲ್ಲಿ ಕೂರಿಸಿ ಪೈಪು ಎಳೆದು ಓಡಿಸಿದರೆ ಕಾರು ಮೊದಲಿನಷ್ಟೇ ಓಡಿತು. ಹುಡುಗರು ಎರಡು ದಿನ ತಲೆ ಕೆರೆದುಕೊಂಡರು. ಮೂರನೇ ದಿನ ನರ್ಸಿಂಗ್ ಹೋಮಿನಿಂದ ಬಂದ ಡಾಕ್ಟರು ಶರ್ಟು ಕೂಡ ಬದಲಿಸದೆ ಶೆಡ್ಡಿಗೆ ಹೋಗಿ ಡಿಕ್ಕಿಯಲ್ಲಿ ಇಣುಕಿ ನಕ್ಕರು.

"ಅಯ್ಯೋ ಮಂಕೇ! ಇದು ಆಸ್ಪತ್ರೆ ಸಿಲಿಂಡರ್. ಮೇಲಿಂದ ಬರೀ ಆವಿ ಬರತ್ತೆ. ನಿನಗೆ ಬೇಕಾಗಿರೋದು ನೀರಾಗಿರೋ ಗ್ಯಾಸು, ಅದು ಅಡೀಲಿದೆ. ತಲೆಕೆಳಗು ಮಾಡಿ ಇಡು."

ತಲೆಕೆಳಗು ಮಾಡಿ ಇಟ್ಟರು. ಮರುದಿನ ಬೆಳಗ್ಗೆ ಆರಕ್ಕೆ ಮಹಾಬಲಿಪುರಂ ರಸ್ತೆಗೆ ಹೋಗಿ ಬಂದ ಮೂವರೂ ಶಾಲೆ ಹುಡುಗರಂತೆ ಕೂಗಾಡುತ್ತ ಗೇಟು ತೆಗೆದರು. ಡಾಕ್ಟರ ನರೆತ ಕೂದಲು ಕೆದರಿತ್ತು. ತುಂಗಾ ಕಾಫಿ ಹಿಡಿದು ಬಂದಳು.

"ಏನಾಯ್ತು?"

"ಹಿಂದಕ್ಕೆ ಒದ್ದುಬಿಡ್ತು!" ಎಂದು ಡಾಕ್ಟರು ಮಗನ ಕಡೆ ನೋಡಿಯೇ ಹೇಳಿದರು.

ಆ ವಾರದಿಂದ ಊಟದ ಮೇಜಿನ ಮಾತು ನೇರ ಅತ್ತಿಂದಿತ್ತ ಹರಿಯತೊಡಗಿತು. ಜೆಟ್ಟು, ಟೈಮಿಂಗು, ಪ್ಲಗ್ಗು, ಪ್ರೆಷರು. ಅರ್ಧ ಇಂಗ್ಲಿಷು, ಅರ್ಧ ತಮಿಳು. "ನಾನು ಎರಡು ಪಾಲು ಇದು, ಒಂದು ಪಾಲು ಆಮ್ಲಜನಕ ಕೊಡ್ತೀನಿ. ಪಾಲು ತಪ್ಪಿದರೆ ಪೇಷಂಟು ಹೋದ" ಎನ್ನುವರು ಇವರು. "ಅದೇ ಕಥೆಪ್ಪಾ, ಪಾಲು ತಪ್ಪಿದರೆ ಎಂಜಿನ್ ಹೋಯ್ತು" ಎನ್ನುವನು ಅವನು. ಉಪ್ಪಿನ ಬಟ್ಟಲು ಕೂಡ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿತ್ತು.

"ಲೈಟ್ ಬಿಲ್..." ಎಂದು ತುಂಗಾ ಒಂದು ದಿನ ಶುರುಮಾಡಿದಳು.

"ಅಪ್ಪ ಹೇಳಿದ್ರಮ್ಮಾ. ಕಟ್ಟಾಯ್ತು."

ಸಂಜೆ ಏಳಕ್ಕೆ ತಟ್ಟೆ ಹಾಕಿ ಕರೆದರೆ ಶೆಡ್ಡಿನಿಂದ "ಬಂದೆ, ಬಂದೆ" ಎಂದು ಎರಡು ದನಿ. ಎಂಟಾದರೂ ಯಾರೂ ಇಲ್ಲ. ಅನ್ನ ಆರಿ ಉಂಡೆಯಾಗುತ್ತಿತ್ತು. ಶ್ರೀವಿದ್ಯಾ ಪುಸ್ತಕ ಹಿಡಿದು ಊಟ ಮುಗಿಸಿ ಏಳುವಳು. ತುಂಗಾ ಪಾತ್ರೆಗಳ ಮುಂದೆ ಒಬ್ಬಳೇ ಕೂತು ನೊಣ ಓಡಿಸುವಳು.

"ಏನ್‌ಮ್ಮಾ ಮುಖ ಹೀಗೆ? ನೀನೇ ತಾನೆ ಹರಕೆ ಹೊತ್ತಿದ್ದು?" ಎಂದು ಮಗಳು ಕೇಳಿದಳು.

"ಮುಖಕ್ಕೇನಾಗಿದೆ? ಸೆಖೆ."

ಒಂದು ದಿನ ಮಾತ್ರ ಅವಳ ಸರದಿ ಬಂತು. ಡಾಕ್ಟರು ಒಳಗೆ ಬಂದು "ತುಂಗಾ, ಒಂದು ಹಳೇ ಪಂಚೆ ಕೊಡು, ಒದ್ದೆ ಮಾಡಿ ಸಿಲಿಂಡರ್‌ಗೆ ಸುತ್ತಬೇಕು" ಎಂದರು. ಮನೆಯಲ್ಲಿದ್ದ ಹಳೇ ಪಂಚೆ ಒಂದೇ, ವರ್ಷಕ್ಕೊಮ್ಮೆ ಸಂಡಿಗೆ ಇಡಲು ಇಟ್ಟುಕೊಂಡದ್ದು. ಕೊಟ್ಟಳು. "ಯಾಕೆ ಒದ್ದೆ ಬಟ್ಟೆ?" ಎಂದು ಕೇಳಿದಳು.

ಅಂದು ಅವರಿಗೆ ಬಿಡುವಿತ್ತೋ, ಅವಳ ಮುಖ ನೋಡಿ ಏನನ್ನಿಸಿತೋ, ಅಡುಗೆಮನೆಯ ಕಟ್ಟೆಗೆ ಒರಗಿ ವಿವರಿಸಿದರು. "ನಿಮ್ಮಮ್ಮನ ಮನೇಲಿ ಸೌದೆ ಒಲೆ ಊದ್ತಿದ್ದೆ ಅಲ್ವಾ? ಈ ಗ್ಯಾಸು ಊದುಕೊಳವೆ ಇದ್ದ ಹಾಗೆ. ಜೋರಾಗಿ ಊದಿದರೆ ಸೌದೆಯೂ ಜಾಸ್ತಿ ಹಾಕಬೇಕು. ಅವನು ಅಳತೆ ನೋಡಿ ಪೆಟ್ರೋಲ್ ಜಾಸ್ತಿ ಬರೋ ಹಾಗೆ ಮಾಡಿದಾನೆ. ಆದರೆ ಬಿಸಿಲಿಗೆ ಸಿಲಿಂಡರ್ ಕಾದರೆ ಒಳಗೆ ಪ್ರೆಷರ್ ಏರತ್ತೆ. ಗ್ಯಾಸು ಅಳತೆ ಮೀರಿ ನುಗ್ಗತ್ತೆ, ಪೆಟ್ರೋಲ್ ಅಷ್ಟೇ ಇರತ್ತೆ. ಆಗ ಉರಿ ಪಾತ್ರೇನೇ ತಿನ್ನತ್ತೆ."

"ಎಂಜಿನ್ನೇ ಸುಟ್ಟುಹೋಗತ್ತೆ ಅನ್ನಿ."

"ಹೂಂ. ಜಾಣೆ." ಅಷ್ಟು ಹೇಳಿ ಒದ್ದೆ ಪಂಚೆ ಹಿಡಿದು ಹೋದರು. ಓಡಿಸಿ ನೋಡುವುದೆಲ್ಲ ಬೆಳಗಿನ ತಂಪಿನಲ್ಲೇ ಆಗುತ್ತಿದ್ದುದರಿಂದ ಪಂಚೆ ಎರಡೇ ದಿನದಲ್ಲಿ ಮರಳಿ ಬಂತು. ತುಂಗಾ ಒಗೆದು ಮಡಿಸಿಟ್ಟಳು.

ಮೇ ತಿಂಗಳಲ್ಲಿ, ತಮಿಳರು ಕತ್ತರಿ ಎನ್ನುವ ಉರಿಬಿಸಿಲಿನ ಕಾಲದಲ್ಲಿ ರೇಸಿನ ದಿನ ಬಂತು. ಅಂದು ಶುಕ್ರವಾರ. ಬೆಳಗ್ಗೆ ಎಂಟಕ್ಕೆ ರೇಸಿರಬೇಕಿತ್ತು. ಏನೋ ತೊಂದರೆಯಾಗಿ ಮಧ್ಯಾಹ್ನ ಮೂರಕ್ಕೆ ಹೋಯಿತೆಂದು ರೂಪೇಶ ಆರೂವರೆಗೇ ಸುದ್ದಿ ತಂದ. ಅಷ್ಟರಲ್ಲಿ ಡಾಕ್ಟರು ಡ್ಯೂಟಿಗೆ ಹೊರಟಾಗಿತ್ತು. ತುಂಗಾ ನಸುಕಿನಲ್ಲೇ ನೀರಿನ ಲಾರಿಯ ಮುಂದೆ ನಿಂತು ನಾಲ್ಕು ಕೊಡ ಹಿಡಿದು, ಸಂಡಿಗೆ ಹಿಟ್ಟು ಕಾಸಿ, ಮಾಳಿಗೆಯ ಮೇಲೆ ಒದ್ದೆ ಪಂಚೆ ಹಾಸಿ ಸಂಡಿಗೆ ಇಟ್ಟಳು. ಕೊನೆಯ ಸಾಲು ಇಡುವಷ್ಟರಲ್ಲಿ ಮೊದಲ ಸಾಲು ಅಂಚು ಒಣಗಿತ್ತು. ಅಂಗಾಲು ಸುಟ್ಟು, ತಲೆಗೆ ಒದ್ದೆ ಟವೆಲು ಹೊದ್ದು ಇಳಿದು ಬಂದಳು.

ಹನ್ನೊಂದಕ್ಕೆ ಫೋನು.

"ಏನಾಯ್ತು ರೇಸು? ಗೆದ್ದನಾ?" ಡಾಕ್ಟರ ದನಿ.

"ಎಲ್ಲಿ ಗೆಲ್ಲೋದು? ಮೂರು ಗಂಟೆಗಂತೆ. ಇನ್ನೂ ಹೊರಟಿಲ್ಲ."

"ಮೂರು ಗಂಟೆಗಾ? ಈ ಬಿಸಿಲಲ್ಲಾ? ಕೇಳು ತುಂಗಾ. ನನಗೆ ಕೇಸಿದೆ, ಈಗ ಒಳಗೆ ಹೋದರೆ ನಾಲ್ಕು ಗಂಟೆವರೆಗೆ ಬರಕ್ಕಾಗಲ್ಲ. ಅವನಿಗೆ ಹೇಳು, ಸಿಲಿಂಡರ್‌ಗೆ ಒದ್ದೆ ಬಟ್ಟೆ ಸುತ್ತಿಕೊಂಡೇ ಹೋಗಲಿ. ಡಿಕ್ಕಿ ತೆಗೆದು ಪ್ರೆಷರ್ ಗೇಜು ನೋಡಲಿ. ಸಾವಿರ ದಾಟಿದ್ದರೆ ಗುಂಡಿ ಒತ್ತಕೂಡದು. ಹೇಳ್ತೀಯಲ್ಲ?"

"ಒದ್ದೆ ಬಟ್ಟೆ. ಸಾವಿರ ದಾಟಿದರೆ ಒತ್ತಕೂಡದು."

"ಅಷ್ಟೆ. ಮರೀಬೇಡ."

ಎರಡು ತಿಂಗಳ ಮೇಲೆ ಅವಳ ಕೈಗೆ ಒಂದು ಮಾತು ಸಿಕ್ಕಿತ್ತು. ಹೆಜ್ಜೆ ತಾನಾಗಿ ಚುರುಕಾಯಿತು. ಶೆಡ್ಡಿನಲ್ಲಿ ಸುಜಯೀಂದ್ರ, ರೂಪೇಶ ಇಬ್ಬರೂ ಬಾನೆಟ್ಟಿನೊಳಗೆ ತಲೆ ಹುದುಗಿಸಿದ್ದರು.

"ಸುಜೀ, ನಿಮ್ಮಪ್ಪ ಫೋನ್ ಮಾಡಿದ್ರು. ಕಾರಿನ ವಿಷಯ..."

"ಅಮ್ಮಾ, ಅದೆಲ್ಲ ಉನಕ್ಕು ಪುರಿಯಾದುಮ್ಮಾ." ನಿನಗೆ ಅರ್ಥವಾಗಲ್ಲ ಎಂದು ತಲೆ ಎತ್ತದೆ ತಮಿಳಿನಲ್ಲೇ ಹೇಳಿ, ಮಗ ಕನ್ನಡಕ್ಕೆ ಬಂದ. "ಸಂಜೆ ನಾನೇ ಅಪ್ಪನ ಹತ್ರ ಮಾತಾಡ್ಕೋತೀನಿ. ನೀನು ಮಧ್ಯೆ ಬರಬೇಡ. ಊಟಕ್ಕೆ ಏನಿದೆ?"

ರೂಪೇಶ ಮುಸಿಮುಸಿ ನಕ್ಕ. ತುಂಗಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಮೊಸರನ್ನ. ಮಾವಿನಕಾಯಿ ಉಪ್ಪಿನಕಾಯಿ" ಎಂದು ಒಳಗೆ ಬಂದಳು.

ಮಧ್ಯೆ ಬರಬೇಡ! ಮೂರು ವರ್ಷ ಇದೇ ಮಧ್ಯೆಯಲ್ಲಿ ನಿಂತು ಅವಳ ಕಾಲು ಸವೆದಿತ್ತು. ಹನ್ನೆರಡೂವರೆಗೆ ಮಗ ನಿಂತೇ ಮೊಸರನ್ನ ತಿಂದ. ಆಗ ಹೇಳಬಹುದಿತ್ತು. ಉಪ್ಪಿನಕಾಯಿ ಇನ್ನೊಂದು ಹೋಳು ಕೇಳಿದ. ಆಗಲೂ ಹೇಳಬಹುದಿತ್ತು. ಕಾರು ಗೇಟು ದಾಟುವಾಗ "ಅಮ್ಮಾ, ಬರ್ತೀನಿ" ಎಂದು ಕೈ ಬೀಸಿದ. ಒದ್ದೆ ಬಟ್ಟೆ, ಸಾವಿರ ಎಂದು ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಮರೆತಳೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅಪ್ಪನೇ ಹೇಳಲಿ, ಮಗನೇ ಕೇಳಲಿ, ನನಗೆ ಅರ್ಥವಾಗುವುದಿಲ್ಲವಲ್ಲ ಎಂದು ಹಲ್ಲು ಕಚ್ಚಿ ಗೇಟು ಹಾಕಿಕೊಂಡು, ಸಂಡಿಗೆ ತಿರುವಿಹಾಕಲು ಮಾಳಿಗೆಗೆ ಹತ್ತಿದಳು. ಸಂಡಿಗೆ ಒಂದೇ ಮಧ್ಯಾಹ್ನಕ್ಕೆ ಗರಿಗರಿಯಾಗಿತ್ತು. ಮೂರು ಗಂಟೆಯ ಹೊತ್ತಿಗೆ ಇಳಿದು ಬಂದು ಫೋನಿನ ಮುಂದೆ ನಿಂತಳು. ಆಗ ಯಾರಿಗೆ ಫೋನು ಮಾಡುವುದು?

ಆರು ಗಂಟೆಗೆ ಹೋಟೆಲಿನ ತರಕಾರಿ ವ್ಯಾನು ಎಸ್ಟೀಮನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂತು. ಬಾನೆಟ್ಟಿನ ಬಣ್ಣ ಬೊಬ್ಬೆ ಎದ್ದಿತ್ತು. ಸುಜಯೀಂದ್ರನ ಬಲಗೈಗೆ ಯಾರದೋ ಕರವಸ್ತ್ರ ಸುತ್ತಿತ್ತು. ಬಿಚ್ಚಿದರೆ ಮುಂಗೈಯಿಂದ ಮೊಣಕೈವರೆಗೆ ಕೆಂಪಗೆ ಬೆಂದಿತ್ತು.

"ಅಯ್ಯೋ ರಾಯರೇ!"

"ಏನಿಲ್ಲಮ್ಮಾ. ಬಾನೆಟ್ ಎತ್ತಿದಾಗ ಉರಿ ತಾಗ್ತು. ಎರಡನೇ ಪಿಸ್ಟನ್ ತೂತಾಗಿದೆ. ಮುಗೀತು ಎಂಜಿನ್."

ಅವಳು ಕೈಗೆ ಮುಲಾಮು ಹಚ್ಚುತ್ತಿರುವಾಗ ಡಾಕ್ಟರು ಬಂದರು. ಚಪ್ಪಲಿಯನ್ನೂ ಬಿಡದೆ ಕೈ ನೋಡಿದರು, ಕಾರು ನೋಡಿದರು, ಡಿಕ್ಕಿ ತೆಗೆದು ನೋಡಿದರು.

"ಬಟ್ಟೆ ಎಲ್ಲಿ?"

"ಬಟ್ಟೆನಾ? ಬೇಡ ಅಂತ ನೀವೇ ತೆಗೆದಿರಲ್ಲ?"

"ಒದ್ದೆ ಬಟ್ಟೆ ಸುತ್ತು ಅಂತ..." ಡಾಕ್ಟರು ಅಲ್ಲಿಗೇ ನಿಲ್ಲಿಸಿ ಹೆಂಡತಿಯ ಕಡೆ ನೋಡಿದರು. ತುಂಗಾಳ ಬೆರಳು ಮುಲಾಮಿನ ಡಬ್ಬಿಯಲ್ಲೇ ಉಳಿಯಿತು. ಅವಳು ತಲೆ ಎತ್ತಲಿಲ್ಲ.

"ಏನಂದ್ರಿ?" ಎಂದ ಮಗ.

"ಹೇಳಬೇಕು ಅಂದ್ಕೊಂಡೆ" ಎಂದರು ಡಾಕ್ಟರು ನಿಧಾನವಾಗಿ. "ಕೇಸಿತ್ತು. ಮರೆತುಬಿಟ್ಟೆ."

"ಮರೆತ್ರಾ? ನಿಮಗೆ ಗೊತ್ತಿತ್ತು! ಗೊತ್ತಿದ್ದೂ ಒಂದು ಫೋನ್ ಮಾಡಲಿಲ್ಲ!"

"ಸುಜೀ..."

"ನನಗೆ ಟೈಫಾಯ್ಡ್ ಆಗಿ ಮಲಗಿದ್ದಾಗಲೂ ನಿಮಗೆ ಕೇಸು. ಯಾವಾಗಲೂ ಕೇಸು! ಯಾವನೋ ನಿದ್ದೆ ಮಾಡ್ತಿರ್ತಾನೆ, ಅವನ ತಲೆ ಹತ್ರ ಕೂತಿರ್ತೀರಿ. ನಾವು ಎದ್ದಿರೋರು, ನಮ್ಮ ಹತ್ರ ಯಾಕೆ ಕೂರ್ತೀರಿ?"

ಡಾಕ್ಟರು ಒಳಗೆ ಹೋದರು. ಮಗ ಅಂದು ಊಟಕ್ಕೆ ಬರಲಿಲ್ಲ.

ಮರುದಿನ ಗಂಡ ಸ್ನಾನಕ್ಕೆ ಹೊರಟಾಗ ತುಂಗಾ ಬಾಗಿಲಿಗೆ ಅಡ್ಡ ನಿಂತಳು. "ಯಾಕೆ ಹಾಗಂದ್ರಿ? ನನ್ನ ಹೆಸರು ಹೇಳಬೇಕಿತ್ತು."

"ನೂರೆಂಟು ಕೆಲಸದಲ್ಲಿ ಮರೆತಿರ್ತೀಯ. ಬಿಡು." ಅವರು ಟವೆಲನ್ನು ಭುಜ ಬದಲಿಸಿ ಹಾಕಿಕೊಂಡರು. "ಅವನು ನನ್ನ ಜೊತೆ ಮಾತು ಬಿಟ್ಟರೆ ನನಗೆ ಅಭ್ಯಾಸ ಇದೆ. ನಿನ್ನ ಜೊತೆ ಬಿಟ್ಟರೆ ನೀನು ತಡ್ಕೊಳ್ಳಲ್ಲ."

ಮರೆತಿರಲಿಲ್ಲ ಎಂದು ಹೇಳಲು ಅವಳ ಬಾಯಿ ತೆರೆಯಿತು. ಅವರು ಆಗಲೇ ಬಚ್ಚಲಿನ ಬಾಗಿಲು ಹಾಕಿಕೊಂಡಿದ್ದರು.

ಮತ್ತೆ ಹಳೆಯ ಕಾಲ ಬಂತು. "ಕೈಗೆ ಡ್ರೆಸ್ಸಿಂಗ್ ಬದಲಿಸಿದನಾ ಕೇಳು." "ಬದಲಿಸಾಯ್ತು ಅಂತ ಹೇಳು." ನಡುವೆ ಸೌಟು ಹಿಡಿದ ತುಂಗಾ. ಎರಡು ತಿಂಗಳು ಈ ಮಾತಿಗಾಗಿ ಅವಳು ಒಳಗೊಳಗೇ ಹಂಬಲಿಸಿರಲಿಲ್ಲವೇ? ಈಗ "ಅವರಿಗೆ ಹೇಳು" ಎಂದು ಬಂದರೆ ಕಿವಿ ಮುಚ್ಚಿಕೊಳ್ಳೋಣ ಅನ್ನಿಸುತ್ತಿತ್ತು. ಸೇರಿಸಿ, ತೆಗೆದು, ಮೆತ್ತಗೆ ಮಾಡಿ ಹೇಳುವ ಅವಳ ಕಲೆಯೂ ಕೈಕೊಟ್ಟಿತು. ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸಿ ಅಡುಗೆಮನೆಗೆ ಹೋಗಿಬಿಡುವಳು. ಡಾಕ್ಟರು ಸಂಜೆ ಹೊತ್ತು ಶೆಡ್ಡಿನ ಕಡೆಗಿನ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಶೆಡ್ಡಿನಿಂದ ಸ್ಪ್ಯಾನರ್ ಬಿದ್ದ ಸದ್ದಾದರೆ ಪೇಪರು ಸ್ವಲ್ಪ ಕೆಳಗಿಳಿಯುತ್ತಿತ್ತು. ತುಂಗಾ ಅದನ್ನು ದಿನಾ ನೋಡುತ್ತಿದ್ದಳು. ಅವರ ಮುಖ ನೋಡಲಾಗುತ್ತಿರಲಿಲ್ಲ.

ಜೂನ್ ಮೂರನೇ ವಾರ ಸುಜಯೀಂದ್ರ ಅಡುಗೆಮನೆಗೆ ಬಂದು ನಿಂತ.

"ಅಮ್ಮಾ, ರೂಪೇಶ ಪೆರುಂಗುಡಿಯಲ್ಲಿ ಶೆಡ್ ಹಿಡಿದಿದಾನೆ. ಹಿಂದುಗಡೆ ರೂಮಿದೆ. ನಾನು ಅಲ್ಲೇ ಇರ್ತೀನಿ. ಕಾರನ್ನ ಗುಜರಿಗೆ ಕೊಡ್ತೀನಿ. ಅವರಿಗೆ ಹೇಳಿಬಿಡು."

"ನೀನೇ ಹೇಳು."

"ನಾನು ಹೇಳಲ್ಲ. ನೀನೇ ಹೇಳು, ಅದು ನಿನ್ನ ಕೆಲಸ ತಾನೆ?"

ಕುಹಕದಿಂದ ಹೇಳಿದ್ದಲ್ಲ. ಸಹಜವಾಗಿ ಬಂದ ಮಾತು. ಅದಕ್ಕೇ ನಾಟಿತು.

ಭಾನುವಾರ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತರು. ನುಗ್ಗೆಕಾಯಿ ಹುಳಿ, ಕೂಟು, ಹೊಸ ಸಂಡಿಗೆ ಕರಿದದ್ದು. ಬಡಿಸಿ ಮುಗಿಸಿ ತುಂಗಾ ಸೌಟನ್ನು ಪಾತ್ರೆಯೊಳಗೆ ಇಟ್ಟಳು.

"ನೋಡಿ, ಸುಜಿ ಪೆರುಂಗುಡಿಗೆ ಹೋಗ್ತಾನಂತೆ. ಅಲ್ಲೇ ಇರ್ತಾನಂತೆ. ಕಾರು ಗುಜರಿಗಂತೆ."

ಡಾಕ್ಟರ ಕೈಯಲ್ಲಿ ಸಂಡಿಗೆ ಮುರಿಯಿತು. "ಸರಿ ಅಂತ ಹೇಳು" ಎಂದರು ತಟ್ಟೆ ನೋಡುತ್ತ.

ತುಂಗಾ ಮಗನ ಕಡೆ ತಿರುಗಿದಳು. "ಸರಿಯಂತೆ. ಅವರು ಹೇಳಿದ್ದು ಇನ್ನೊಂದು ಮಾತಿದೆ. ಹಳೇದು. ರೇಸಿನ ದಿನ ಹನ್ನೊಂದು ಗಂಟೆಗೆ ಫೋನ್ ಮಾಡಿ ಹೇಳಿದ್ದು. ಸಿಲಿಂಡರ್‌ಗೆ ಒದ್ದೆ ಬಟ್ಟೆ ಸುತ್ತಿಕೊಂಡೇ ಹೋಗಬೇಕಂತೆ. ಡಿಕ್ಕಿ ತೆಗೆದು ಗೇಜು ನೋಡಬೇಕಂತೆ. ಸಾವಿರ ದಾಟಿದ್ದರೆ ಗುಂಡಿ ಒತ್ತಕೂಡದಂತೆ."



"ತುಂಗಾ, ಸಾಕು" ಎಂದರು ಡಾಕ್ಟರು.

"ಮರೆತಿರಲಿಲ್ಲ ಕಣೋ. ನೀನು ಮೊಸರನ್ನ ತಿನ್ನುವಾಗಲೂ ನೆನಪಿತ್ತು, ಗೇಟು ದಾಟುವಾಗಲೂ ನೆನಪಿತ್ತು. ಬೇಕಂತಲೇ ಹೇಳಲಿಲ್ಲ. ನೀವಿಬ್ಬರೂ ಮಾತಾಡೋಕೆ ಶುರು ಮಾಡಿದ ಮೇಲೆ ನನ್ನ ಹತ್ರ ಯಾರೂ ಮಾತಾಡ್ಲಿಲ್ಲ. ಅದಕ್ಕೆ."

ಶ್ರೀವಿದ್ಯಾ "ಅಮ್ಮಾ!" ಎಂದು ಬಾಯಿಗೆ ಕೈ ಅಡ್ಡ ಹಿಡಿದಳು. ಸುಜಯೀಂದ್ರ ತನ್ನ ಬಲಗೈಯ ಕಲೆ ನೋಡಿದ, ಅಮ್ಮನನ್ನು ನೋಡಿದ. ಆಮೇಲೆ ಮೇಜಿನ ಆ ತುದಿಗೆ ಮುಖ ತಿರುಗಿಸಿದ.

"ನೀವು ಫೋನ್ ಮಾಡಿದ್ರಾಪ್ಪಾ?"

"ಮಾಡಿದ್ದೆ."

"ಮತ್ತೆ ಮರೆತೆ ಅಂತ ಯಾಕಂದ್ರಿ?"

ಡಾಕ್ಟರು ಮುರಿದ ಸಂಡಿಗೆಯನ್ನು ತಟ್ಟೆಯ ಅಂಚಿಗೆ ಸರಿಸಿದರು. ಮಗ ಎದ್ದು ಕೈ ತೊಳೆದು ಶೆಡ್ಡಿಗೆ ಹೋದ. ಸ್ವಲ್ಪ ಹೊತ್ತಾದ ಮೇಲೆ ಡಾಕ್ಟರೂ ಎದ್ದರು. ಮೊದಲು ಅವರೊಬ್ಬರ ದನಿ ಕೇಳಿಸಿತು, ಆಮೇಲೆ ಎರಡೂ. ಸ್ಪ್ಯಾನರಿನ ಪೆಟ್ಟಿಗೆ ಎಳೆದ ಸದ್ದಾಯಿತು. ಎಂಜಿನ್ ಇಳಿಸುವ ಮಾತು, ಹೊಸ ಪಿಸ್ಟನ್ನಿನ ಮಾತು.

ಸುಜಯೀಂದ್ರ ಪೆರುಂಗುಡಿಗೆ ಹೋಗಲಿಲ್ಲ. ಮರುದಿನವೂ ಕಾರಿನ ಕೆಳಗೇ ಇದ್ದ, ಅದರ ಮರುದಿನವೂ. ಅಪ್ಪನೊಡನೆ ಮಾತು, ತಂಗಿಯೊಡನೆ ಮಾತು. ತುಂಗಾ ಬಂದು ನಿಂತರೆ ಮಾತ್ರ ಅವನ ಬಾಯಿಗೆ ಬೀಗ. ಬಡಿಸಿದ್ದನ್ನು ತಲೆ ತಗ್ಗಿಸಿ ತಿಂದು ಏಳುತ್ತಿದ್ದ. ಗುರುವಾರ ಅವಳು ಅವನಿಗೆ ಇಷ್ಟವೆಂದು ಬದನೆಕಾಯಿ ಹುಳಿಯನ್ನು ಎರಡು ಸಲ ಒಗ್ಗರಣೆ ಹಾಕಿ ಮಾಡಿದಳು. ತಟ್ಟೆ ಹಾಕಿ ಕರೆದಳು. ಮಗ ಬಂದವನು ಎರಡೇ ತುತ್ತು ತಿಂದ. ಹೆಚ್ಚಿಗೆ ಬಡಿಸಲು ಅವಳು ಸೌಟು ಎತ್ತಿದಾಗ ತಟ್ಟೆಗೆ ಕೈ ಅಡ್ಡ ಹಿಡಿದ.

"ಅಪ್ಪಾ, ಅಮ್ಮನಿಗೆ ಹೇಳಿ. ನನಗೆ ಸಾಕು."

ಎದ್ದು ಶೆಡ್ಡಿಗೆ ಹೋದ.

ತುಂಗಾ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಬಂದು ಗೋಡೆಗೆ ಮುಖ ಮಾಡಿ ನಿಂತಳು. ಆ ಮನೆಯಲ್ಲಿ ನಾಲ್ಕು ಜನ ಇದ್ದರು, ಅವಳಷ್ಟು ಒಂಟಿ ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ. ಹಿಂದೆ ಚಪ್ಪಲಿಯ ಸದ್ದಾಯಿತು. ಡಾಕ್ಟರು ಶೆಡ್ಡಿಗೆ ಹೋಗಿ ಬಂದಿದ್ದರು. ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮಿದರು. ಈ ಕೆಲಸ ಅವರಿಗೆ ಹೊಸದು.

"ಅವನಿಗೆ ಅಷ್ಟು ಹಸಿವಿಲ್ಲವಂತೆ" ಎಂದರು. ಸ್ವಲ್ಪ ತಡೆದು, "ಹುಳಿ ಚೆನ್ನಾಗಿತ್ತು ಅಂದ" ಎಂದರು.

ಮಗ ಹಾಗೆ ಹೇಳಿರುವುದಿಲ್ಲ ಎಂದು ತುಂಗಾಳಿಗೆ ಚೆನ್ನಾಗಿ ಗೊತ್ತಿತ್ತು. ಮೂರು ವರ್ಷ ಅವಳೇ ಮಾಡಿದ ಕೆಲಸ ಅದು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ನಾಳೆನೂ ಮಾಡ್ತೀನಿ ಅಂತ ಹೇಳಿ" ಎಂದಳು.